ಎಣ್ಣೆ ಬದಲಿಸಿದ ಬಳಿಕ ತೋರುವ ಎಂಜಿನಿನ ದೋಷಗಳು

ಮೋಟಾರು ಸೈಕಲ್ಲಿನ ಎಂಜಿನಿನಲ್ಲಿ ಲೋಹವು ಲೋಹವನ್ನು ಉಜ್ಜಿ ಸವೆಯದಂತೆ ಕಾಯುವುದು ಎಣ್ಣೆಯ ತೆಳುಪದರ. ಉಷ್ಣವನ್ನು ಒಯ್ಯುವುದೂ ಕೊಳೆಯನ್ನು ಹಿಡಿದಿಡುವುದೂ ಅದರ ಕೆಲಸವೇ. ಹೊಸ ಎಣ್ಣೆ ಹಾಕಿದ ಮರುದಿನ ಹೊಗೆಯೋ ಸದ್ದೋ ತೋರಿದೊಡನೆ, ಎಂಜಿನೇ ಕೆಟ್ಟಿತೆಂದು ಬಿಚ್ಚಿಸಲು ಹೊರಡುವ ಪೋಷಕರನ್ನು ನಾವು ಕಂಡಿದ್ದೇವೆ. ನಿನ್ನೆ ಸರಿಯಿದ್ದ ಯಂತ್ರ ಇಂದು ಕೆಟ್ಟಿದ್ದರೆ, ನಡುವೆ ಬದಲಾದುದನ್ನೇ ಮೊದಲು ಪರೀಕ್ಷಿಸುವುದು ಯುಕ್ತ.

ಮೊದಲನೆಯದು ಪ್ರಮಾಣ. ಗಾಡಿಯನ್ನು ಸಮನೆಲದಲ್ಲಿ ನೇರವಾಗಿ ನಿಲ್ಲಿಸಿ, ಎಂಜಿನನ್ನು ಸ್ವಲ್ಪ ಹೊತ್ತು ಓಡಿಸಿ ಆರಿಸಿ, ಎರಡು ಮೂರು ನಿಮಿಷ ಕಾದು, ಅಳತೆಯ ಕಡ್ಡಿಯನ್ನು ಒರೆಸಿ ಇಳಿಸಿ ನೋಡಬೇಕು. ಹಲವು ಗಾಡಿಗಳಲ್ಲಿ ಕಡ್ಡಿಯನ್ನು ತಿರುಚದೆ ಸುಮ್ಮನೆ ಇಳಿಸುವುದೇ ಕ್ರಮ. ಅಂಥವುಗಳಲ್ಲಿ ತಿರುಚಿ ನೋಡಿದರೆ ಇರುವುದಕ್ಕಿಂತ ಹೆಚ್ಚು ಎಣ್ಣೆ ಕಾಣುತ್ತದೆ. ಎಣ್ಣೆ ಕಡಿಮೆಯಾದರೆ ಟಕಟಕ ಸದ್ದು, ಅತಿಯಾದ ಬಿಸಿ. ಹಾಗೆಯೇ ಓಡಿಸಿದರೆ ಪಿಸ್ಟನ್ನು ಬಿಗಿದು ನಿಲ್ಲಬಹುದು. ಹೆಚ್ಚಾದರೆ ಎಣ್ಣೆ ಕಡೆಯಲ್ಪಟ್ಟು ನೊರೆಯಾಗಿ, ಉಸಿರುಕೊಳವೆಯ ಮೂಲಕ ಏರ್ ಫಿಲ್ಟರಿಗೆ ನುಗ್ಗಿ, ನೀಲಿ ಛಾಯೆಯ ಹೊಗೆ ಬರುತ್ತದೆ. ಡಬ್ಬಿಯಲ್ಲಿ ಉಳಿಯಬಾರದೆಂದು ಪೂರ್ತಿ ಸುರಿಯುವುದು ಮಿತವ್ಯಯವಲ್ಲ! ಸೈಲೆನ್ಸರಿನ ಮೇಲೆ ಚೆಲ್ಲಿದ ಎಣ್ಣೆ ಸುಟ್ಟರೂ ಹೊಗೆ ಏಳುವುದುಂಟು. ಅದು ಬೇಗನೆ ತಾನಾಗಿ ನಿಲ್ಲುತ್ತದೆ.

ಎರಡನೆಯದು ಎಣ್ಣೆಯ ಜಾತಿ. ಹೆಚ್ಚಿನ ಮೋಟಾರು ಸೈಕಲ್ಲುಗಳಲ್ಲಿ ಕ್ಲಚ್ಚಿನ ಪ್ಲೇಟುಗಳು ಎಂಜಿನಿನ ಎಣ್ಣೆಯಲ್ಲೇ ಮುಳುಗಿರುತ್ತವೆ. ಕಾರಿನ ಕೆಲವು ಎಣ್ಣೆಗಳಲ್ಲಿ ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳನ್ನು ಬೆರೆಸಿರುವುದರಿಂದ, ಅದನ್ನು ಹಾಕಿದರೆ ಪ್ಲೇಟುಗಳು ಜಾರುತ್ತವೆ. ನಮ್ಮ ಗುಡ್ಡದ ಏರುದಾರಿಗಳಲ್ಲಿ ಎಂಜಿನು ಅಬ್ಬರಿಸುತ್ತದೆ, ವೇಗ ಮಾತ್ರ ಏರದು. ಘರ್ಷಣೆಯಿಂದ ಹಾನಿಯೂ ಉಂಟು, ಪ್ರಯೋಜನವೂ ಉಂಟು ಎಂದು ವಿಜ್ಞಾನದ ತರಗತಿಯಲ್ಲಿ ಓದುವ ವಿದ್ಯಾರ್ಥಿಗಳು ಇಲ್ಲಿ ಎರಡನ್ನೂ ಒಂದೇ ಪೆಟ್ಟಿಗೆಯೊಳಗೆ ಕಾಣಬಹುದು. ಹೊಸ ಕ್ಲಚ್ಚು ಕೊಳ್ಳುವ ಮುನ್ನ ಡಬ್ಬಿಯ ಮೇಲೆ ‘ಜಾಸೋ ಎಂ.ಎ.’ ಅಥವಾ ‘ಎಂ.ಎ. 2’ ಎಂದಿದೆಯೇ ನೋಡಿರಿ; ‘ಎಂ.ಬಿ.’ ಎಂಬುದು ಗೇರಿಲ್ಲದ ಸ್ಕೂಟರುಗಳಂಥವಕ್ಕೆ. 10ಡಬ್ಲ್ಯು-30 ಮುಂತಾದ ಅಂಕಿಗಳು ಎಣ್ಣೆಯ ಸ್ನಿಗ್ಧತೆಯನ್ನು ತಿಳಿಸುತ್ತವೆ. ಗಾಡಿಯ ಕೈಪಿಡಿಯಲ್ಲಿರುವುದನ್ನೇ ಬಳಸಬೇಕು.

ಇನ್ನು ತಳದ ಡ್ರೈನ್ ಬೋಲ್ಟು. ಸಡಿಲವಾದರೆ ಅಥವಾ ವಾಷರು ನಜ್ಜಾಗಿದ್ದರೆ ಎಣ್ಣೆ ತೊಟ್ಟಿಕ್ಕಿ ಹಿಂದಿನ ಟೈರಿಗೆ ಸಿಡಿಯಬಹುದು. ಮಕ್ಕಳನ್ನು ಕೂರಿಸಿಕೊಂಡು ತಿರುವಿನಲ್ಲಿ ಬಾಗುವಾಗ ಇದು ಪ್ರಾಣಾಪಾಯದ ಮಾತು. ಬಲವಂತವಾಗಿ ಬಿಗಿದರೆ ಅಲ್ಯೂಮಿನಿಯಮ್ಮಿನ ಮರೆ ಕಿತ್ತುಬರುತ್ತದೆ. ರಾತ್ರಿ ಎಂಜಿನಿನ ಕೆಳಗೆ ಒಂದು ಹಳೆಯ ಪತ್ರಿಕೆ ಹಾಸಿಟ್ಟರೆ ಬೆಳಗ್ಗೆ ಸೋರಿಕೆ ತಿಳಿದೀತು.

ಇವೆಲ್ಲ ಸರಿಯಿದ್ದೂ ಸದ್ದು ನಿಲ್ಲದಿದ್ದರೆ, ಅಥವಾ ಇಳಿಸಿದ ಹಳೆಯ ಎಣ್ಣೆಯಲ್ಲಿ ಹೊಳೆಯುವ ಲೋಹದ ಚೂರುಗಳು ಕಂಡಿದ್ದರೆ, ಸವೆತ ಮೊದಲೇ ಇದ್ದಿರಬೇಕು, ಆಗ ಬಿಚ್ಚಿಸಲೇಬೇಕು.