ಹೊಸತೊಡಕಿನ ದಿನ ಉಳಿಯುವ ಪಲ್ಯ

ಪ್ರಶ್ನೆ: ಮಂಡ್ಯದ ಕಡೆಯ ಕೂಡು ಕುಟುಂಬ ನಮ್ಮದು. ಯುಗಾದಿಗೆ ನಮ್ಮತ್ತೆ ಎರಡು ಪಲ್ಯ, ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ, ಒಬ್ಬಟ್ಟು, ಸಾರು ಎಲ್ಲವನ್ನೂ ಊರಿಗಾಗುವಷ್ಟು ಮಾಡಿಸುತ್ತಾರೆ. ಮಾರನೇ ದಿನ ಹೊಸತೊಡಕು. ಬಾಡೂಟದ ಮುಂದೆ ನಿನ್ನೆಯ ಪಲ್ಯ ಯಾರಿಗೆ ಬೇಕು? ಬಿಸಾಡಿದರೆ ಅತ್ತೆಗೆ ಕೋಪ, ಬಡಿಸಿದರೆ ಗಂಡ ಮಕ್ಕಳು ತಂಗಳು ಎಂದು ಮುಖ ತಿರುಗಿಸುತ್ತಾರೆ. ಕೊನೆಗೆ ನಾನೊಬ್ಬಳೇ ಎರಡು ಮೂರು ದಿನ ತಿಂದು ಮುಗಿಸುತ್ತೇನೆ. ಏನು ಮಾಡಲಿ?

ಉತ್ತರ: ಮೊದಲು ಆ ಒಬ್ಬಳೇ ತಿಂದು ಮುಗಿಸುವ ಕೆಲಸ ಬಿಡಿ. ಹತ್ತು ಜನರಿಗೆಂದು ಮಾಡಿದ ಅಡುಗೆಗೆ ನಿಮ್ಮೊಬ್ಬರ ಹೊಟ್ಟೆ ಜವಾಬ್ದಾರಿಯಲ್ಲ.

ಪಲ್ಯಕ್ಕೆ ದಾರಿ ನಿಮ್ಮ ಮನೆಯಲ್ಲೇ ಇದೆ. ಹೊಸತೊಡಕಿನ ಬೆಳಿಗ್ಗೆ ಹೇಗೂ ತಿಂಡಿ ಆಗಬೇಕಲ್ಲ, ಅಕ್ಕಿರೊಟ್ಟಿ ಮಾಡಿ. ರಾತ್ರಿಯೇ ಫ್ರಿಜ್ಜಿನಲ್ಲಿಟ್ಟ ಹುರುಳಿಕಾಯಿ ಪಲ್ಯವನ್ನು ಅಕ್ಕಿಹಿಟ್ಟಿಗೆ ಹಾಕಿ, ಹೆಚ್ಚಿದ ಈರುಳ್ಳಿ, ಸಬ್ಬಸಿಗೆ ಸೊಪ್ಪು ಸೇರಿಸಿ ಕೈಯಿಂದ ಚೆನ್ನಾಗಿ ಹಿಸುಕಿ. ನೀರು ಕೊನೆಗೆ, ಅದೂ ಚಿಮುಕಿಸಿದಷ್ಟೇ. ಪಲ್ಯದಲ್ಲೇ ಪಸೆ ಇರುತ್ತದೆ. ಉಪ್ಪೂ ಇರುತ್ತದೆ, ಹಿಟ್ಟಿನ ಲೆಕ್ಕಕ್ಕಷ್ಟೇ ಹಾಕಿ. ತವಾ ಮೇಲೆ ತಟ್ಟಿ, ನಡುವೆ ಬೆರಳಿನಿಂದ ತೂತು ಮಾಡಿ ಎಣ್ಣೆ ಬಿಟ್ಟು ಮುಚ್ಚಿಡಿ. ಅಂಚು ಕೆಂಪಗಾದ ರೊಟ್ಟಿ ಕೈಗೆ ಬಂದಾಗ ನಿಮ್ಮ ಮಕ್ಕಳು ಹುರುಳಿಕಾಯಿ ಎಲ್ಲಿಯದು ಎಂದು ಕೇಳುವುದಿಲ್ಲ. ನಾಲ್ಕು ರೊಟ್ಟಿ ಎತ್ತಿಟ್ಟರೆ ಮಧ್ಯಾಹ್ನ ಬಾಡಿನ ಸಾರಿಗೂ ಜೊತೆಯಾಗುತ್ತದೆ.

ಕೋಸಂಬರಿ ಮಾತ್ರ ಕಾಯುವುದಿಲ್ಲ. ಉಪ್ಪು ಬಿದ್ದ ಸೌತೆಕಾಯಿ ನೀರು ಬಿಡುತ್ತದೆ, ಹಸಿ ತೆಂಗಿನತುರಿ ಬೇಸಿಗೆಯಲ್ಲಿ ಬೇಗ ಹಳಸುತ್ತದೆ. ಹಾಗಾಗಿ ಹಬ್ಬದ ಸಂಜೆಯೇ ಅದನ್ನು ಹಿಂಡಿ, ಹಸಿಮೆಣಸಿನಕಾಯಿ, ಶುಂಠಿ ಜೊತೆ ತರಿತರಿಯಾಗಿ ರುಬ್ಬಿ. ಒಂದು ಹಿಡಿ ಅಕ್ಕಿಹಿಟ್ಟು ಬೆರೆಸಿದರೆ ಹೆಸರುಬೇಳೆ ದೋಸೆ ಹಿಟ್ಟು ಸಿದ್ಧ. ಹಿಂಡಿದ ನೀರನ್ನೇ ರುಬ್ಬಲು ಬಳಸಿ. ಮುಂದಿನ ಸಲ ಕಾಯಿತುರಿ, ಉಪ್ಪು, ನಿಂಬೆರಸ ಹಾಕುವ ಮುನ್ನವೇ ಅರ್ಧ ಬೇಳೆ ತೆಗೆದಿಟ್ಟರೆ ಇಷ್ಟು ಅವಸರವೂ ಇರುವುದಿಲ್ಲ.

ಒಬ್ಬಟ್ಟಿನ ಸಾರನ್ನು ನಾನು ಉಳಿಕೆ ಎಂದು ಒಪ್ಪುವುದೇ ಇಲ್ಲ. ಎರಡನೇ ದಿನ ಕುದ್ದು ಗಟ್ಟಿಯಾದ ಸಾರಿನ ರುಚಿ ಮೊದಲ ದಿನ ಎಲ್ಲಿರುತ್ತದೆ? ಮಿಕ್ಕ ಹೂರಣವನ್ನು ಉಂಡೆ ಕಟ್ಟಿ, ಮೈದಾ ಹಿಟ್ಟಿನಲ್ಲಿ ಅದ್ದಿ ಕರಿದರೆ ಸುಯ್ಯುಂಡೆ.

ಚಿತ್ರಾನ್ನದ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಅಕ್ಕಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಧ್ಯಾಹ್ನದ ಪಂಕ್ತಿ ಎದ್ದ ಕೂಡಲೇ ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, 2 ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮಾರನೇ ದಿನಕ್ಕೆ ಮುಗಿಸಿ. ಸಂಜೆವರೆಗೆ ಪಾತ್ರೆಯಲ್ಲೇ ಉಳಿದದ್ದನ್ನು ಯಾರ ಕೋಪಕ್ಕೂ ಹೆದರದೆ ಚೆಲ್ಲಿ.

ಇನ್ನು ಅತ್ತೆಯವರು. ಅಡುಗೆ ಕಡಿಮೆ ಮಾಡಿ ಎಂದು ಹಬ್ಬದ ಬೆಳಿಗ್ಗೆ ಒಲೆ ಮುಂದೆ ಹೇಳಬೇಡಿ, ಜಗಳವೇ ಆಗುತ್ತದೆ. ತರಕಾರಿ ತರುವ ದಿನ, “ಅತ್ತೆ, ನಾಳಿದ್ದು ಹೆಂಗೂ ಬಾಡೂಟ, ಪಲ್ಯ ಒಂದೇ ಸಾಕಲ್ವಾ?” ಎಂದು ಕೇಳಿ. ಒಪ್ಪದಿದ್ದರೆ, ಊಟಕ್ಕೆ ಕೂರುವ ಮುನ್ನವೇ ಅಕ್ಕಪಕ್ಕದ ಮನೆಗಳಿಗೆ ಡಬ್ಬಿ ತುಂಬಿಸಿ. ತಲುಪಿಸುವ ಕೆಲಸ ತಂಗಳು ಎಂದು ಮುಖ ತಿರುಗಿಸುವ ನಿಮ್ಮ ಯಜಮಾನರದ್ದು.