ಹಿಂದೆ ಕುಳಿತವರ ಹಕ್ಕು

ನೆರೆಯವರೆಂದರೆ ಗೋಡೆಗೆ ಗೋಡೆ ತಾಗಿಕೊಂಡಿರುವ ಮನೆಯವರು ಮಾತ್ರವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 36ನೆಯ ಸೂಕ್ತವು ತಂದೆತಾಯಿ, ಬಂಧುಗಳು, ಅನಾಥರು, ಬಡವರು, ನೆರೆಯವರು ಇವರೊಂದಿಗೆ ಪಕ್ಕದ ಸಂಗಡಿಗನನ್ನೂ ಸೇರಿಸಿದೆ. ವ್ಯಾಖ್ಯಾನಕಾರರಲ್ಲಿ ಹಲವರು ಸಹಪ್ರಯಾಣಿಕನೂ ಇದರಲ್ಲಿ ಸೇರುತ್ತಾನೆ ಎಂದಿದ್ದಾರೆ. ಅವನ ಧರ್ಮ ಯಾವುದೆಂದು ಸೂಕ್ತವು ಕೇಳುವುದಿಲ್ಲ. ಕೆಲವು ತಾಸುಗಳ ನೆರೆತನಕ್ಕೂ ಹಕ್ಕುಬಾಧ್ಯತೆಗಳಿವೆ ಎಂದಾಯಿತು.

ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ಪುಷ್‌ಬ್ಯಾಕ್ ಸೀಟು ನಮ್ಮ ಶಿವಮೊಗ್ಗ, ಭದ್ರಾವತಿಯವರಿಗೆ ಹಳೆಯ ಪರಿಚಯ. ಎರಡೂ ಊರುಗಳ ನಡುವಿನ ಸೋಗಾನೆಯಲ್ಲಿ ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಷ್ಟು ಚಿಕ್ಕ ಹಾರಾಟದಲ್ಲಿ ಸೀಟು ಬಾಗಿಸುವ ಅಗತ್ಯವೇ ಬೀಳದು. ನಿಜವಾದ ಪರೀಕ್ಷೆಯಿರುವುದು ಉಮ್ರಾಕ್ಕೆಂದು ಬೆಂಗಳೂರಿನಿಂದ ಜಿದ್ದಾಕ್ಕೆ ಹೋಗುವ ಐದಾರು ತಾಸುಗಳಲ್ಲಿ.

ವಿಮಾನದ ಸಾಮಾನ್ಯ ದರ್ಜೆಯಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಇರುವ ಅಂತರ ಹೆಚ್ಚಾಗಿ 28ರಿಂದ 32 ಇಂಚು. ಸೀಟಿನ ದಪ್ಪವೂ ಇದರಲ್ಲೇ ಸೇರಿದೆ. ಮುಂದಿನವನು ಗುಂಡಿ ಒತ್ತಿ ಹಿಂದಕ್ಕೆ ವಾಲಿದರೆ ಆ ಜಾಗ ಹಿಂದಿನವನ ಎದುರಿನಿಂದಲೇ ಹೋಗಬೇಕು.

'ಟಿಕೇಟಿಗೆ ಹಣ ಕೊಟ್ಟಿದ್ದೇನೆ, ಗುಂಡಿ ನನ್ನ ಸೀಟಿನದು' ಎಂಬ ವಾದದಲ್ಲಿ ಸುಳ್ಳಿಲ್ಲ. ಸೀಟು ಬಾಗಿಸುವುದು ಪಾಪವೆಂದು ಯಾರೂ ಹೇಳಲಾರರು. ಬೆನ್ನುನೋವಿನ ವೃದ್ಧರಿಗೆ ಅದು ಅನಿವಾರ್ಯವೂ ಹೌದು. ತಪ್ಪಿರುವುದು ತಿರುಗಿಯೂ ನೋಡದೆ ಒಮ್ಮೆಲೇ ತಳ್ಳಿಬಿಡುವುದರಲ್ಲಿ. ಹಿಂದಿನವರ ಮುಂದೆ ಬಿಸಿ ಚಹಾ ಇರಬಹುದು, ತಾಯಿಯ ಮಡಿಲಲ್ಲಿ ಮಗು ಮಲಗಿರಬಹುದು. ತನ್ನ ನಾಲಗೆ ಮತ್ತು ಕೈಯಿಂದ ಇತರರಿಗೆ ತೊಂದರೆಯಾಗದಿರುವುದು ಮುಸ್ಲಿಮನ ಗುರುತೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಗುಂಡಿ ಒತ್ತುವುದೂ ಅದೇ ಕೈ! ಹಿಂದೆ ತಿರುಗಿ 'ಸ್ವಲ್ಪ ಬಾಗಿಸಲೇ?' ಎಂದು ಕೇಳಿ, ನಿಧಾನವಾಗಿ, ಬೇಕಾದಷ್ಟೇ ಬಾಗಿಸಬೇಕು. ಊಟ ಬಂದಾಗ ನೆಟ್ಟಗೆ ಮಾಡಬೇಕು. ವಿಮಾನ ಏರುವಾಗ ಮತ್ತು ಇಳಿಯುವಾಗಲಂತೂ ಇದು ಕಡ್ಡಾಯ. ಅಪಾಯ ಸಂಭವಿಸಿದರೆ ಹಿಂದಿನವರು ಹೊರಬರುವ ದಾರಿ ತೆರೆದಿರಬೇಕಲ್ಲವೇ?

ಹಿಂದೆ ಕುಳಿತವನಿಗೂ ಬಾಧ್ಯತೆಯಿದೆ. ಮುಂದಿನ ಸೀಟಿಗೆ ಮೊಣಕಾಲಿನಿಂದ ಗುದ್ದುವುದು, ಮಕ್ಕಳು ಒದೆಯುತ್ತಿದ್ದರೂ ಸುಮ್ಮನಿರುವುದು ಸಭ್ಯತೆಯಲ್ಲ. 2014ರ ಆಗಸ್ಟ್‌ನಲ್ಲಿ ಅಮೆರಿಕಾದ ನ್ಯೂಆರ್ಕ್‌ನಿಂದ ಡೆನ್ವರ್‌ಗೆ ಹೊರಟ ವಿಮಾನವೊಂದರಲ್ಲಿ ಒಬ್ಬನು ಮುಂದಿನ ಸೀಟು ಬಾಗದಂತೆ ಪ್ಲಾಸ್ಟಿಕ್ ತಡೆ ಸಿಕ್ಕಿಸಿದ. ಮುಂದಿದ್ದ ಮಹಿಳೆ ಅವನ ಮೇಲೆ ನೀರೆರಚಿದಳು. ಕೊನೆಗೆ ವಿಮಾನವನ್ನು ಶಿಕಾಗೋದಲ್ಲಿ ಇಳಿಸಿ ಇಬ್ಬರನ್ನೂ ಹೊರಗೆ ಕಳುಹಿಸಬೇಕಾಯಿತು. ಹಜ್ಜ್‌ನಲ್ಲಿ ಜಗಳವಿರಬಾರದೆಂದು ಅಲ್‌ಬಕರ ಅಧ್ಯಾಯದ 197ನೆಯ ಸೂಕ್ತವು ಆದೇಶಿಸಿದೆ. ಇಹ್ರಾಮ್ ಧರಿಸಿ, ತಲ್ಬಿಯಾ ಹೇಳುತ್ತಾ, ನಾಲ್ಕು ಇಂಚು ಜಾಗಕ್ಕಾಗಿ ಕೂಗಾಡುವವರು ಇದನ್ನು ನೆನೆಯಲಿ.

ಇನ್ನೊಂದು ಮಾತು. ಅನೇಕ ವಿಮಾನಗಳಲ್ಲಿ ಕೊನೆಯ ಸಾಲಿನ ಸೀಟು ಬಾಗುವುದೇ ಇಲ್ಲ. ಗುಂಪಾಗಿ ಹೋಗುವ ಕುಟುಂಬಗಳು ಅಲ್ಲಿ ಅಜ್ಜ ಅಜ್ಜಿಯರನ್ನು ಕೂರಿಸದೆ ಯುವಕರನ್ನು ಕೂರಿಸಲಿ.