ಎರಡನೆಯ ಕುಂಡ ಯಾಕೆ ಬೇಕು?

ಪ್ರಶ್ನೆ: ಸಸ್ಯಗಳಿಗೆ ಇಂಗಾಲದ ಡೈಆಕ್ಸೈಡ್ ಬೇಕೇ ಎಂದು ನೋಡುವ ಪ್ರಯೋಗದಲ್ಲಿ ಎರಡು ಕುಂಡ ಇಡಿ ಎಂದಿದೆ. ಒಂದರ ಪಕ್ಕ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಇನ್ನೊಂದರ ಪಕ್ಕ ಏನೂ ಇಲ್ಲ. ಸುಮ್ಮನೆ ಕೂತಿರುವ ಆ ಗಿಡದಿಂದ ಏನು ಉಪಯೋಗ? ರೆಕಾರ್ಡಿನಲ್ಲಿ ಪ್ರಾಕ್ಕಲ್ಪನೆ, ಚರಾಂಶ, ನಿಯಂತ್ರಣ ಬರೆಯುವಾಗ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.
– ಹತ್ತನೇ ತರಗತಿ ವಿದ್ಯಾರ್ಥಿನಿ, ತಿಪಟೂರು

ಉತ್ತರ: ಎರಡನೆಯ ಕುಂಡವನ್ನು ತೆಗೆದೇಬಿಟ್ಟೆವು ಎಂದುಕೊಳ್ಳಿ. ಮೂರು ದಿನ ಕತ್ತಲಲ್ಲಿಟ್ಟ ಒಂದೇ ಗಿಡ, ಪಕ್ಕದ ವಾಚ್ ಗ್ಲಾಸಿನಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಮೇಲೊಂದು ಗಂಟೆಜಾಡಿ, ಅಂಚಿಗೆಲ್ಲ ವ್ಯಾಸಲಿನ್. ಎರಡು ಗಂಟೆ ಬಿಸಿಲಲ್ಲಿಟ್ಟು, ಎಲೆ ಕಿತ್ತು, ಆಲ್ಕೋಹಾಲಿನಲ್ಲಿ ಅದರ ಹಸಿರು ಬಿಡಿಸಿ, ಅಯೋಡಿನ್ ಹಾಕಿದಿರಿ. ಎಲೆ ನೀಲಿಗಪ್ಪಾಗಲಿಲ್ಲ. ಇಂಗಾಲದ ಡೈಆಕ್ಸೈಡ್ ಸಿಗದೆ ಪಿಷ್ಟ ತಯಾರಾಗಿಲ್ಲ ಎಂದು ಬರೆಯಹೊರಟಾಗ ಪಕ್ಕದ ಬೆಂಚಿನ ಹುಡುಗಿ ಕೇಳುತ್ತಾಳೆ: ಮೋಡ ಕವಿದಿತ್ತಲ್ಲ, ಬೆಳಕು ಸಾಲದೆ ಹೀಗಾಗಿರಬಹುದಲ್ಲ? ಗಾಜಿನೊಳಗಿನ ಸೆಕೆಗೆ ಗಿಡ ಬಾಡಿರಬಹುದಲ್ಲ? ಕತ್ತಲಲ್ಲಿದ್ದು ಸೊರಗಿರಬಹುದಲ್ಲ? ಅಯೋಡಿನ್ನೇ ಕೆಟ್ಟಿರಬಹುದಲ್ಲ? ಒಂದಕ್ಕೂ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಎರಡನೆಯ ಗಿಡ ಇರುವುದೇ ಆ ಹುಡುಗಿಗೆ ಉತ್ತರ ಕೊಡಲು. ಅದೂ ಅಷ್ಟೇ ದಿನ ಕತ್ತಲಲ್ಲಿತ್ತು, ಅದೇ ಬಿಸಿಲು ಕಂಡಿತು, ಅಂಥದ್ದೇ ಜಾಡಿಯೊಳಗಿತ್ತು, ಅದೇ ಬಾಟಲಿಯ ಅಯೋಡಿನ್ ಅದಕ್ಕೂ ಬಿತ್ತು. ಅದರ ಎಲೆ ನೀಲಿಗಪ್ಪಾದರೆ ಅವಳ ಅನುಮಾನಗಳೆಲ್ಲ ಒಟ್ಟಿಗೇ ಬಿದ್ದುಹೋಗುತ್ತವೆ. ಇದೇ ನಿಯಂತ್ರಣ. ಸುಮ್ಮನೆ ಕೂತಂತೆ ಕಾಣುವ ಗಿಡವೇ ಇಡೀ ಪ್ರಯೋಗವನ್ನು ಹೊತ್ತಿರುತ್ತದೆ.

ಇಷ್ಟು ತಿಳಿದರೆ ಉಳಿದ ಹೆಸರುಗಳು ಕಷ್ಟವಲ್ಲ. ಎರಡು ಕುಂಡಗಳ ನಡುವೆ ನೀವು ಬೇಕೆಂದೇ ಬದಲಿಸಿದ್ದು ಇಂಗಾಲದ ಡೈಆಕ್ಸೈಡ್: ಅದು ಸ್ವತಂತ್ರ ಚರಾಂಶ. ಅದರಿಂದ ಏನಾಯಿತೆಂದು ನೋಡಿದ್ದು ಎಲೆಯ ಪಿಷ್ಟ: ಅದು ಅವಲಂಬಿತ ಚರಾಂಶ. ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನೇ ಚರಾಂಶವೆಂದು ಬರೆಯುವವರು ಬಹಳ. ಅದು ಅನಿಲವನ್ನು ಹೀರಲು ತಂದ ಸಾಧನ ಮಾತ್ರ. ಗಿಡದ ಜಾತಿ, ಗಾತ್ರ, ಬಿಸಿಲು, ನೀರು, ಸಮಯ ಇವೆಲ್ಲ ಎರಡೂ ಕಡೆ ಒಂದೇ ಸಮ ಇರಬೇಕಾದವು.

ಪ್ರಾಕ್ಕಲ್ಪನೆಯನ್ನು ಎಲೆ ಕೀಳುವ ಮೊದಲೇ ಬರೆದಿಡಿ. ‘ಸಸ್ಯಗಳಿಗೆ ಇಂಗಾಲದ ಡೈಆಕ್ಸೈಡ್ ಮುಖ್ಯ’ ಎಂದರೆ ಸಾಲದು. ಆ ಮಾತನ್ನು ಯಾವ ಎಲೆಯೂ ಸುಳ್ಳು ಮಾಡಲಾರದು. ‘ಉಳಿದೆಲ್ಲ ಒಂದೇ ಇದ್ದು, ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದರೆ ಎಲೆಯಲ್ಲಿ ಪಿಷ್ಟ ಉಂಟಾಗುವುದಿಲ್ಲ’ ಎಂದು ಬರೆಯಿರಿ. ಹೀಗೆ ಬರೆದರೆ ನಿಮ್ಮ ಊಹೆ ತಪ್ಪಿದಾಗ ತಪ್ಪಿತೆಂದು ಎಲೆಯೇ ತೋರಿಸಬಲ್ಲದು.

ಹೋಲಿಸಿ ನೋಡಲು ಇನ್ನೊಂದು ಇಲ್ಲದಿದ್ದರೆ ಎಷ್ಟು ದೊಡ್ಡ ಬುದ್ಧಿವಂತರೂ ಎಡವುತ್ತಾರೆ. ಬ್ರಸೆಲ್ಸ್ ಕಡೆಯ ವಾನ್ ಹೆಲ್ಮಾಂಟ್ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲ್ಲೊ ಸಸಿ ನೆಟ್ಟು ಐದು ವರ್ಷ ನೀರೆರೆದ. ಕೊನೆಗೆ ಮರ 169 ಪೌಂಡ್ ದಾಟಿತ್ತು, ಮಣ್ಣು ಕಳೆದುಕೊಂಡದ್ದು ಸುಮಾರು ಎರಡು ಔನ್ಸ್. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಅದು ಅಚ್ಚಾಯಿತು. ತೂಕ ಮಾಡುವುದರಲ್ಲಿ ಅವನ ಶ್ರದ್ಧೆ ಅಪಾರ. ಮಣ್ಣಿನ ಮೇಲೆ ಧೂಳು ಬೀಳದಂತೆ ತೂತುಗಳಿದ್ದ ತಗಡು ಕೂಡ ಮುಚ್ಚಿದ್ದ. ಆದರೆ ಗಾಳಿಯನ್ನು ಬದಲಿಸಿ ನೋಡಲಿಲ್ಲ. ಇದ್ದಿಲು ಸುಟ್ಟಾಗ ಹೊರಡುವ ಅನಿಲವನ್ನು, ಅಂದರೆ ಇದೇ ಇಂಗಾಲದ ಡೈಆಕ್ಸೈಡನ್ನು, ಗುರುತಿಸಿದವನೂ ಅವನೇ ಎಂಬುದನ್ನು ಓದಿದಾಗಲೆಲ್ಲ ನನಗೆ ಮನಸ್ಸು ಕಲಕುತ್ತದೆ. ಉತ್ತರ ಅವನಿಗೆ ಅಷ್ಟು ಹತ್ತಿರದಲ್ಲಿತ್ತು.

1771ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ ಮೇಣದ ಬತ್ತಿ ಉರಿದು ಆರಿಹೋದ ಗಾಳಿಯನ್ನು ಎರಡು ಪಾಲು ಮಾಡಿ, ಒಂದರಲ್ಲಿ ಗಿಡ ಇಟ್ಟ, ಇನ್ನೊಂದನ್ನು ಹಾಗೇ ಬಿಟ್ಟ. ಗಿಡವಿದ್ದ ಪಾಲಿನಲ್ಲಿ ಬತ್ತಿ ಮತ್ತೆ ಉರಿಯಿತು, ಇನ್ನೊಂದರಲ್ಲಿ ಇಲ್ಲ. ಆ ಎರಡನೆಯ ಪಾಲು ನಿಮ್ಮ ಎರಡನೆಯ ಕುಂಡದ ಹಿರಿಯಕ್ಕ. ಆದರೂ ಮುಂದೆ ಪ್ರೀಸ್ಟ್ಲಿಗೆ ಪ್ರತಿ ಸಲವೂ ಅದೇ ಫಲ ಸಿಗಲಿಲ್ಲ. ಬೆಳಕಿದ್ದರೆ ಮಾತ್ರ ಗಿಡ ಆ ಕೆಲಸ ಮಾಡುತ್ತದೆಂದು ಇಂಗೆನ್‌ಹೌಸ್ ತೋರಿಸಿದ್ದು 1779ರಲ್ಲಿ.

ಹಾಗೆ ಕಣ್ಣಿಗೆ ಬೀಳದ ಚರಾಂಶ ನಿಮ್ಮ ಪ್ರಯೋಗದಲ್ಲೂ ಒಂದಿದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಗಾಳಿಯ ತೇವವನ್ನೂ ಹೀರುತ್ತದೆ. ಹಾಗಾದರೆ ಮೊದಲ ಜಾಡಿಯೊಳಗೆ ಇಂಗಾಲದ ಡೈಆಕ್ಸೈಡ್ ಮಾತ್ರವಲ್ಲ, ತೇವವೂ ಕಡಿಮೆ. ಒಣಗಾಳಿಗೇ ಎಲೆಯ ಪತ್ರರಂಧ್ರಗಳು ಮುಚ್ಚಿಕೊಂಡವೇನೋ ಎಂದು ಆ ಹುಡುಗಿ ಕೇಳಿದರೆ, ಏನೂ ಇಲ್ಲದ ಎರಡನೆಯ ಕುಂಡ ಉತ್ತರಿಸಲಾರದು. ಅದರ ಪಕ್ಕದಲ್ಲೂ ಒಂದು ವಾಚ್ ಗ್ಲಾಸ್ ಇಟ್ಟು, ಒಣ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ. ಅದು ತೇವ ಹೀರುತ್ತದೆ, ಇಂಗಾಲದ ಡೈಆಕ್ಸೈಡನ್ನು ಮುಟ್ಟುವುದಿಲ್ಲ. ಕುಂಡದ ಮಣ್ಣಿನ ಜೀವಿಗಳೂ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ; ಎರಡೂ ಕುಂಡಗಳ ಬಾಯನ್ನು ಕಾಂಡದ ಸುತ್ತ ಪ್ಲಾಸ್ಟಿಕ್ ಕವರಿನಿಂದ ಕಟ್ಟಿದರೆ ಒಳ್ಳೆಯದು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮ ಸುಡುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಆಲ್ಕೋಹಾಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟೇ ಕಾಯಿಸಿ, ನೇರ ಉರಿಗೆ ಹಿಡಿಯಬೇಡಿ.

ಎರಡೂ ಎಲೆ ನೀಲಿಯಾಗದಿದ್ದರೆ? ಪುಸ್ತಕದ ಫಲಿತಾಂಶವನ್ನು ನಕಲು ಮಾಡಬೇಡಿ. ಅಯೋಡಿನ್ನಿನ ಹನಿಯೊಂದನ್ನು ಅನ್ನದ ಅಗುಳಿನ ಮೇಲೆ ಬಿಟ್ಟು ನೋಡಿ. ಅದು ನೀಲಿಗಪ್ಪಾದರೆ ಅಯೋಡಿನ್ ಸರಿಯಿದೆ, ಬೆಳಕೋ ಗಿಡವೋ ಕೈಕೊಟ್ಟಿದೆ. ಕಂಡದ್ದನ್ನು ಕಂಡಂತೆ ರೆಕಾರ್ಡಿನಲ್ಲಿ ಬರೆದು, ಒಳ್ಳೆಯ ಬಿಸಿಲಿರುವ ದಿನ ಬೇರೆ ಎರಡು ಗಿಡ ತಂದು ಮತ್ತೆ ಮಾಡಿ.